ಸೂರಿನ ಲೋಟ

ನಾನು ಮೊದಲಿನ ಗುಂಪು ಬಿಟ್ಟು ಬಂದದ್ದು ಒಂದು ಕುದುರೆಯ ದೆಸೆಯಿಂದ.

ಅದು ಮೊಬೈಲಿನಲ್ಲಿ ಬರೆದು ಆಡುವ ಆಟ. ಅದರಲ್ಲಿ ಚಿತ್ರವಿಲ್ಲ, ಸದ್ದಿಲ್ಲ, ಬಂದೂಕು ಹಿಡಿದು ಓಡುವುದಿಲ್ಲ. ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿಕೊಂಡು, ಆ ಪಾತ್ರ ಎಲ್ಲಿಗೆ ಹೋಯಿತು, ಏನು ತಿಂದಿತು, ಯಾರ ಜೊತೆ ಜಗಳ ತೆಗೆಯಿತು ಅಂತ ನಾಲ್ಕಾರು ಸಾಲು ಬರೆದು ಗುಂಪಿಗೆ ಹಾಕಬೇಕು. ಅದನ್ನು ಓದಿ ಇನ್ನೊಬ್ಬರು ಮುಂದಕ್ಕೆ ಬರೆಯುತ್ತಾರೆ. ಕತೆ ಎತ್ತ ಹೋಗುತ್ತದೋ ಯಾರಿಗೂ ಗೊತ್ತಿರುವುದಿಲ್ಲ. ಮಧುಗಿರಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಮಧ್ಯಾಹ್ನ ಕಚೇರಿಯವರು ಊಟಕ್ಕೆ ಎದ್ದರೆ ನನ್ನ ಅಂಗಡಿಯೂ ಖಾಲಿ. ಆ ಹೊತ್ತಿನಲ್ಲಿ ಬೇರೆಯವರು ಧಾರಾವಾಹಿ ನೋಡುತ್ತಾರೆ, ನಾನು ಈ ಆಟಕ್ಕೆ ಬಿದ್ದೆ.

ಆ ಗುಂಪಿನಲ್ಲಿ ರಾಜರಿದ್ದರು, ಮಂತ್ರವಾದಿಗಳಿದ್ದರು, ಬೆಂಕಿ ಉಗುಳುವ ಹಾವುಗಳಿದ್ದವು. ಎಲ್ಲವನ್ನೂ ಸಹಿಸಿಕೊಂಡಿದ್ದೆ. ಒಂದು ದಿನ ಸೇನಾಪತಿಯೊಬ್ಬ ಬೆಳಗಿನಿಂದ ಸಂಜೆಯವರೆಗೂ ಒಂದೇ ಸಮ ಕುದುರೆ ಓಡಿಸಿದ. ‘ಕುದುರೆಗೆ ನೀರು ಯಾವಾಗ ಕುಡಿಸಿದ್ರಿ?’ ಅಂತ ಕೇಳಿದೆ. ‘ಇದು ಮಾಯಾಲೋಕ ಆಂಟಿ’ ಅಂದರು. ಮಾಯಾಲೋಕದ ಕುದುರೆಗೆ ಬಾಯಾರುವುದಿಲ್ಲವೇ? ಆಂಟಿ ಅಂದದ್ದೂ ಸೇರಿ ನನಗೆ ಸಿಟ್ಟು ನೆತ್ತಿಗೇರಿತು. ನಾಲ್ಕು ಮಾತು ಬೈದು ಹೊರಗೆ ಬಂದೆ.

ನನ್ನ ಹಿಂದೆಯೇ ಮೂವರು ಹೊರಗೆ ಬಂದರು. ಒಬ್ಬ ಶಿರಾದ ಟೈಲರ್, ನನಗಿಂತ ಚಿಕ್ಕವನು, ಮಾತಿಗೆ ಮುಂಚೆ ನಗುವವನು. ಇನ್ನೊಬ್ಬರು ಪಾವಗಡದಲ್ಲಿ ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಮಾಡುವ, ಐವತ್ತು ದಾಟಿದ ಅಣ್ಣ. ಮೂರನೆಯವರು ತೋವಿನಕೆರೆ ಕಡೆಯ ಶಾಲೆಯೊಂದರಲ್ಲಿ ಪಾಠ ಮಾಡುವ ಮೇಡಂ. ಯಾರೂ ಯಾರ ಮುಖವನ್ನೂ ನೋಡಿರಲಿಲ್ಲ. ಕುದುರೆಗೆ ನೀರು ಬೇಕು ಅನ್ನುವುದೊಂದೇ ನಮ್ಮ ನಂಟು.

ನಾವೇ ಒಂದು ಊರು ಕಟ್ಟಿದೆವು. ಅದಕ್ಕೆ ಹೆಸರಿಡಲಿಲ್ಲ, ಹೆಸರಿಟ್ಟರೆ ಯಾವ ತಾಲ್ಲೂಕಿಗೆ ಸೇರಿಸುವುದು ಅಂತ ತಕರಾರು ಬರುತ್ತಿತ್ತು. ನಾಲ್ಕು ತಾಲ್ಲೂಕಿನವರೂ ತಮ್ಮದಲ್ಲ ಅಂತ ಕೈಬಿಟ್ಟ ಜಾಗದಲ್ಲಿ ಆ ಊರು ಇದೆ, ಆದ್ದರಿಂದಲೇ ಅಲ್ಲಿಗೆ ರಸ್ತೆ ಸರಿಯಿಲ್ಲ ಅಂತ ತೀರ್ಮಾನ ಮಾಡಿಕೊಂಡೆವು. ಹೊರಗೆ ಮಾಡುವ ಕೆಲಸವನ್ನು ಊರೊಳಗೆ ಯಾರೂ ಮಾಡುವಂತಿಲ್ಲ. ಟೈಲರ್ ಕುರಿಗಾರನಾದ. ಪಾವಗಡದ ಅಣ್ಣ ಟೀ ಹೋಟೆಲಿನ ಅಜ್ಜಿಯಾದರು. ಮೇಡಂ ಸೈಕಲ್ ತುಳಿಯುವ ಅಂಚೆಯವಳಾದರು. ನಾನು ಊರ ಗೌಡ. ಜನ್ಮದಲ್ಲಿ ಒಂದು ಸಲವಾದರೂ ಕಾಲ ಮೇಲೆ ಕಾಲು ಹಾಕಿಕೊಂಡು, ಯಾವ ಕೆಲಸವನ್ನೂ ಮಾಡದೆ ಕೂರಬೇಕು ಅಂತ ನನಗೆ ಆಸೆಯಿತ್ತು.

ರೂಲುಗಳನ್ನು ಮಾಡಿದವಳು ನಾನೇ. ಚಿಕ್ಕವರಿದ್ದಾಗ ನಮ್ಮಜ್ಜಿ ಕತೆ ಹೇಳುವಾಗ ನಾವು ಹೂಂಗುಟ್ಟದಿದ್ದರೆ ಕತೆಯನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳು. ನಮ್ಮ ಆಟದಲ್ಲೂ ಹಾಗೇ. ಒಬ್ಬರು ಬರೆದದ್ದಕ್ಕೆ ಉಳಿದ ಮೂವರೂ ‘ಹೂಂ’ ಅನ್ನಬೇಕು, ಇಲ್ಲದಿದ್ದರೆ ಕತೆ ಮುಂದೆ ಹೋಗುವಂತಿಲ್ಲ. ಆಟದ ಹೊರಗಿನ ಮಾತಿಗೆ ಮೊದಲು ‘ಜಗಲಿ’ ಅಂತ ಬರೆಯಬೇಕು. ‘ಜಗಲಿ: ಗಿರಾಕಿ ಬಂದವ್ರೆ, ಆಮೇಲೆ ಬತ್ತೀನಿ’ ಅಂತ. ಜಗಲಿ ಅನ್ನದೆ ಬರೆದದ್ದೆಲ್ಲ ಊರೊಳಗೆ ನಡೆದದ್ದೇ ಲೆಕ್ಕ. ಮತ್ತೆ, ಯಾರೂ ಯಾರನ್ನೂ ಯಾವ ಜನ ಅಂತ ಕೇಳುವಂತಿಲ್ಲ. ಅಂಗಡಿಗೆ ಬಂದವರೆಲ್ಲ ಮೊದಲು ಊರು, ಆಮೇಲೆ ಬೀದಿ, ಆಮೇಲೆ ಅಪ್ಪನ ಹೆಸರು ಅಂತ ಸುತ್ತಿ ಬಳಸಿ ಅದನ್ನೇ ಕೇಳುವುದನ್ನು ನೋಡಿ ನನಗೆ ಸಾಕಾಗಿತ್ತು.

ಮಳೆ ಬಿಸಿಲಿನ ವಿಷಯದಲ್ಲಿ ಸುಳ್ಳು ಕೂಡದು ಅಂತ ಹಟ ಹಿಡಿದವಳೂ ನಾನೇ. ಅದಕ್ಕಾಗಿ ಒಂದೊಂದು ವಾರ ಒಬ್ಬೊಬ್ಬರ ಆಕಾಶವನ್ನು ಊರಿಗೆ ಹೊದಿಸುತ್ತಿದ್ದೆವು. ತೋವಿನಕೆರೆಯ ವಾರ ಹದವಾದ ಮಳೆ ಬಿದ್ದು ಊರವರೆಲ್ಲ ರಾಗಿ ಬಿತ್ತಿದೆವು. ಮರುವಾರ ಪಾವಗಡದ ಆಕಾಶ. ಮೋಡ ಬಂದು ಮುಖ ತೋರಿಸಿ ಹೋಯಿತು.

‘ಜಗಲಿ: ಅಣ್ಣಾ, ಒಂದೆರಡು ಹನಿ ಹಾಕಣ್ಣ, ಕುರಿಗೆ ಮೇವಿಲ್ಲ’ ಅಂತ ಟೈಲರ್ ಗೋಗರೆದ.

‘ಜಗಲಿ: ಇಲ್ಲಿ ಕಾಗೆ ಬಾಯಿ ತಕ್ಕಂಡು ಕುಂತೈತಪ್ಪ, ನಾನೆಲ್ಲಿಂದ ತರ್ಲಿ?’

ಆ ಟೈಲರ್‌ಗೆ ನಿಜದ ಹುಚ್ಚು ನನಗಿಂತ ಹೆಚ್ಚು. ಭಾನುವಾರ ಅಂಗಡಿ ಬಾಗಿಲು ಹಾಕಿಕೊಂಡು ಬಸ್ಸು ಹತ್ತಿ ಬರಗೂರಿನ ಕಡೆ ಹೋಗಿ ಕುರಿ ಕಾಯುವವರ ಜೊತೆ ಕೂತು ಬರುತ್ತಿದ್ದ. ‘ಜಗಲಿ: ಅಕ್ಕಾ, ಕಸಂ ಸೇ, ಈ ತಿಂಗಳಾಗೆ ಮರಿ ಹಾಕಾಕಿಲ್ಲವಂತೆ. ಕೇಳ್ಕಂಡ್ ಬಂದಿವ್ನಿ’ ಅಂತ ಹಾಜರಿ ಹಾಕುತ್ತಿದ್ದ. ಒಂದು ಸಲ ಅವನ ಕುರಿಗಳು ಕೆರೆಯಲ್ಲಿ ನೀರು ಕುಡಿದು ಮುಗಿಸುವ ಹೊತ್ತಿಗೆ ನಮ್ಮ ಒಂದು ವಾರ ಕಳೆದುಹೋಯಿತು. ಯಾವ ಕುರಿಯ ಗೊರಸು ಕೊಳೆತಿದೆ, ಯಾವುದು ಬಲಗಣ್ಣು ಕಾಣದೆ ಪಕ್ಕದ್ದಕ್ಕೆ ಒರಗಿ ನಡೆಯುತ್ತದೆ, ಎಲ್ಲವನ್ನೂ ಬರೆದ. ಕೊನೆಗೆ ಮೇಡಂ ಜಗಲಿಗೆ ಬಂದು, ‘ಉಪ್ಪು ಹಾಕಪ್ಪ, ಬೇಡ ಅನ್ನಲ್ಲ. ಉಪ್ಪನ್ನೇ ಬಡಿಸ್ಬೇಡ’ ಅಂದರು. ಅವತ್ತಿನಿಂದ ಕುರಿಗಳು ಸ್ವಲ್ಪ ಬೇಗ ನೀರು ಕುಡಿಯತೊಡಗಿದವು.

ಎಲ್ಲರಿಗಿಂತ ಚೆನ್ನಾಗಿ ಬರೆಯುತ್ತಿದ್ದವರು ಪಾವಗಡದ ಅಣ್ಣ. ಮಾತ್ರೆ ಶೀಸೆಗಳ ನಡುವೆ ನಿಂತು ಆ ಮನುಷ್ಯ ಅದು ಹೇಗೆ ಅಜ್ಜಿಯಾಗುತ್ತಿದ್ದರೋ! ಅಜ್ಜಿ ಸೆರಗಿನ ತುದಿಯಿಂದ ಟೀ ಪಾತ್ರೆ ಇಳಿಸುವುದು, ಚಿಲ್ಲರೆಯನ್ನು ಎಲೆಅಡಿಕೆ ಚೀಲದಲ್ಲಿ ಹಾಕಿ ಮರೆಯುವುದು, ಕೂತವರಿಗೆಲ್ಲ ಅರ್ಧ ತೆಲುಗಿನಲ್ಲಿ ಬೈಯುವುದು. ಅವಳ ಒಲೆಯ ಹೊಗೆ ನನ್ನ ಅಂಗಡಿಯವರೆಗೂ ಬರುತ್ತಿತ್ತು. ನನ್ನ ಗೌಡ ದಿನಾ ಬೆಳಿಗ್ಗೆ ಹೋಗಿ ಅಲ್ಲಿನ ಬೆಂಚಿನ ಮೇಲೆ ಕೂತು, ತನ್ನ ಹೆಸರಿಗೆ ಅಂತಲೇ ಮೀಸಲಿದ್ದ ದಪ್ಪ ತಳದ ಲೋಟದಲ್ಲಿ ಟೀ ಕುಡಿದು, ಊರ ಉಸಾಬರಿ ಮಾಡಿ ಬರುತ್ತಿದ್ದ. ನನಗೆ ಆ ಅಜ್ಜಿಯ ಮೇಲೆ ಪ್ರಾಣ.

ಮೇಡಮ್ಮಿನ ಅಂಚೆಯವಳು ಊರಿನ ಎಲ್ಲ ಮನೆ ಬಾಗಿಲಿಗೂ ಹೋಗುತ್ತಿದ್ದಳು, ಆದರೆ ಎಲ್ಲೂ ಕೂರುತ್ತಿರಲಿಲ್ಲ. ಅವಳ ಮನೆ ಊರಿನ ಪಡುವಣ ತುದಿಯಲ್ಲಿ, ಹುಣಸೆ ತೋಪು ದಾಟಿ, ಒಂಟಿಯಾಗಿತ್ತು. ಹಾಗಂತ ಮೇಡಮ್ಮೇ ಬರೆದಿದ್ದರು. ಒಂದು ದಿನ ಅವಳು ಸೈಕಲನ್ನು ಬೇವಿನ ಮರಕ್ಕೆ ಒರಗಿಸಿ, ಮೊದಲ ಸಲ ಹೋಟೆಲಿನ ಮುಂದೆ ನಿಂತು, ‘ಅಜ್ಜಿ, ಒಂದು ಟೀ ಕೊಡು’ ಅಂದಳು.

ಪಾವಗಡದಿಂದ ಬೇಗನೆ ಉತ್ತರ ಬಂತು. ‘ಅಜ್ಜಿ ಎದ್ದು ಬಂದು, ಹೊರಗೆ ಸೂರಿಗೆ ಸಿಕ್ಕಿಸಿದ್ದ ಲೋಟ ತೆಗೆದು, ಅದರೊಳಗಿನ ಧೂಳು ಊದಿ, ಕಟ್ಟೆಯ ಮೇಲಿಟ್ಟು, ಎತ್ತರದಿಂದ ಟೀ ಸುರಿದಳು. ಕುಡ್ದು, ತೊಳ್ದು, ಅಲ್ಲೇ ಸಿಕ್ಸವ್ವ ಅಂದಳು.’

ಟೈಲರ್ ಹೂಂ ಅಂದ. ಆ ಧೂಳು ಊದುವುದಿತ್ತಲ್ಲ, ಅದನ್ನು ಓದಿ ನಾನೂ ಹೂಂ ಅಂದೆ. ತೋವಿನಕೆರೆಯಿಂದ ಹೂಂ ಬರಲಿಲ್ಲ.

ಶಾಲೆಯಲ್ಲಿ ಕೆಲಸವಿರಬೇಕು ಅಂದುಕೊಂಡೆವು. ಸಂಜೆಯಾಯಿತು. ಮಾರನೆಯ ದಿನ ನೋಡಿದರೆ, ಹೂಂ ಬಾರದ್ದಕ್ಕೆ ಅಳುಕಿಯೋ ಏನೋ, ಪಾವಗಡದ ಅಣ್ಣ ಆ ಸಾಲುಗಳನ್ನೇ ಅಳಿಸಿದ್ದರು. ಅದಾದ ಮೇಲೆ ಮೇಡಮ್ಮಿನಿಂದ ಒಂದೇ ಒಂದು ಮಾತು ಬಂತು. ‘ಜಗಲಿ: ಯಾಕೆ ಅಳಿಸಿದ್ರಿ?’

ಮತ್ತೆ ಸದ್ದಿಲ್ಲ. ನಮ್ಮದೇ ರೂಲಿನ ಪ್ರಕಾರ ಊರು ನಿಂತುಹೋಯಿತು. ಅಂಚೆಯವಳು ಕಟ್ಟೆಯ ಮುಂದೆ ನಿಂತೇ ಇದ್ದಳು. ಹೊರಗೆ ಮಳೆ ಬಂದು ಹೋಯಿತು, ನಮ್ಮ ರಾಗಿಯ ಮೇಲೆ ಒಂದು ಹನಿಯೂ ಬೀಳಲಿಲ್ಲ. ‘ಜಗಲಿ: ಅಕ್ಕಾ, ನನ್ ಗಬ್ಬದ ಕುರಿ ದಿನ ತುಂಬಿ ಕುಂತೈತೆ, ಎಷ್ಟು ದಿನ ತಡ್ಕಂತದೆ?’ ಅಂತ ಟೈಲರ್ ಕೇಳಿದ. ‘ಜಗಲಿ: ಲೇ, ಸುಮ್ಕಿರ್ಲಾ’ ಅಂತ ಗದರಿದೆ. ಅವನದೇನು ತಪ್ಪಿತ್ತು ಪಾಪ.

ನನಗೆ ಸಿಟ್ಟು ಬಂದರೆ ಬರೆಯುತ್ತಾ ಕೂರಲಾಗುವುದಿಲ್ಲ. ಮೊದಲ ಸಲ ಪಾವಗಡಕ್ಕೆ ಫೋನು ಮಾಡಿದೆ.

‘ಅಣ್ಣ, ಯಾಕಣ್ಣ ಆ ಲೋಟ ಕೊಟ್ಟಿದ್ದು?’

‘ತೋಪಿನಾಚೆ ಮನೆ ಅಂತ ಆಯಮ್ಮನೇ ಬರ್ಕಂಡಿತ್ತಲ್ಲಮ್ಮ. ಊರಾಚೆ ಮನೆ ಅಂದ್ಮ್ಯಾಕೆ ಇನ್ನೇನು ಕದಾ?’

‘ಅಂಗಂತ ನೀವೇ ತಿಳ್ಕಂಡ್ರೆ? ಒಂದು ಮಾತು ಕೇಳ್ಬೋದಿತ್ತಲ್ಲ?’

‘ಯಾವ ಜನ ಅಂತ ಕೇಳಂಗಿಲ್ಲ ಅಂತ ರೂಲ್ ಮಾಡಿದ್ದು ನೀನೇ ತಾನೆ.’

ನಿಜ ಹೇಳಬೇಕೆಂದರೆ ತೋಪಿನಾಚೆ ಮನೆ ಅಂತ ಓದಿದ ದಿನ ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮ ಕಡೆ ಮನೆ ಇರುವ ಜಾಗ ತಿಳಿದರೆ ಸಾಕು, ಉಳಿದದ್ದನ್ನು ನಾವೇ ತುಂಬಿಕೊಳ್ಳುತ್ತೇವೆ. ಅಣ್ಣನಿಗೂ ಸಿಟ್ಟು ಬಂದಿತ್ತು.

‘ಕುದುರೆಗೆ ನೀರು ಬೇಕು ಅಂದೋಳು ನೀನು. ಹೋಟ್ಲಾಗೆ ಲೋಟ ಬೇರೆ ಇತ್ತು ಅಂದ್ರೆ ಮಾತ್ರ ಕಹಿನಾ? ನಮ್ಮಮ್ಮ ಹೋಟ್ಲು ನಡೆಸ್ತಿದ್ಲು ಕಣಮ್ಮ. ಸೂರಿನಾಗೆ ಲೋಟ ಇತ್ತು, ನನ್ ಕಣ್ಣಾರೆ ನೋಡಿವ್ನಿ. ಎಷ್ಟೋ ಜನಕ್ಕೆ ಬಿಟ್ಟಿ ಊಟ ಇಕ್ಕಿದೋಳು ನಮ್ಮಮ್ಮ. ಲೋಟನೂ ಬೇರೆ ಇಕ್ಕಿದ್ಲು. ಒಂದು ಬರ್ದು ಇನ್ನೊಂದು ಬುಟ್ರೆ ಅದು ನಮ್ಮಮ್ಮ ಅಲ್ಲ.’

ಆ ಅಜ್ಜಿ ಅವರ ತಾಯಿ ಅನ್ನುವುದು ನನಗೆ ಗೊತ್ತಾದದ್ದೇ ಆಗ. ಫೋನು ಕುಕ್ಕಿದೆ.

ಕೆಲವು ದಿನ ಕಳೆದಿರಬೇಕು. ಪಹಣಿ ಜೆರಾಕ್ಸ್ ಮಾಡಿಸುವವರ ಸಂತೆ ಆಗತಾನೆ ಕರಗಿತ್ತು. ಹತ್ತಿ ಸೀರೆ ಉಟ್ಟ, ಕನ್ನಡಕದ ಹೆಂಗಸೊಬ್ಬರು ಬಾಗಿಲಲ್ಲಿ ನಿಂತು, ‘ಕುದುರೆಗೆ ನೀರು ಕುಡಿಸೋ ಅಂಗಡಿ ಇದೇನಾ?’ ಅಂದರು.

ತೋವಿನಕೆರೆಯ ಮೇಡಂ! ಇಲಾಖೆಯ ಕೆಲಸಕ್ಕೆ ಮಧುಗಿರಿಗೆ ಬಂದಿದ್ದರಂತೆ. ಇಷ್ಟು ದಿನ ಬರೀ ಅಕ್ಷರವಾಗಿದ್ದವರು ಎದುರಿಗೆ ನಿಂತರೆ ಕೈಕಾಲು ಆಡುವುದಿಲ್ಲ. ಸ್ಟೂಲು ಒರೆಸಿ ಕೂರಿಸಿ, ಪಕ್ಕದ ಹೋಟೆಲಿಗೆ ನಾನೇ ಓಡಿ ಕಾಫಿ ತಂದೆ. ಪೇಪರ್ ಲೋಟ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

‘ಇದು ಬಂದ್ಮೇಲೆ ಹೋಟ್ಲವ್ರಿಗೆ ಎಷ್ಟು ಸಲೀಸಾಯ್ತು ನೋಡಿ. ಎಲ್ಲಾರ್ದೂ ಬಿಸಾಕೋ ಲೋಟನೇ.’

ನಕ್ಕುಬಿಟ್ಟೆ. ಆಮೇಲೆ ಯಾಕೆ ನಕ್ಕೆ ಅನ್ನಿಸಿತು.

‘ನಮ್ಮ ಮನೇಲಿ ಬುದ್ಧನ ಫೋಟೊ ಇದೆ,’ ಅಂದರು. ‘ನಮ್ಮಪ್ಪ ದೀಕ್ಷೆ ತಗೊಂಡೋರು. ನಾನು ಚಿಕ್ಕೋಳಿದ್ದಾಗ ಅವರ ಜೊತೆ ಸಂತೆಗೆ ಹೋದ್ರೆ ಬನ್ನು ಕೊಡಿಸೋರು, ಮಿಠಾಯಿ ಕೊಡಿಸೋರು. ಹೋಟ್ಲ ಮುಂದೆ ಮಾತ್ರ ನಿಲ್ತಿರ್ಲಿಲ್ಲ. ನಂಗೆ ಟೀ ಆಗಾಕಿಲ್ಲ ಕಣಮ್ಮ, ಹೊಟ್ಟೆ ಉರೀತದೆ ಅನ್ನೋರು. ಮನೇಲಿ ಚೊಂಬುಗಟ್ಲೆ ಕುಡೀತಿದ್ರು. ಒಂದು ಮುಗಿದ್ರೆ ಇನ್ನೊಂದು ಅಂತ ಲೋಟ ಚಾಚೋರು. ಯಾಕೆ ಅಂತ ನಂಗೆ ಅರ್ಥವಾಗೋ ಹೊತ್ತಿಗೆ ಅವರೇ ಇರ್ಲಿಲ್ಲ.’

ಹೊರಗೆ ಬಸ್ಸೊಂದು ಹಾರ್ನ್ ಹೊಡೆಯುತ್ತಿತ್ತು. ಅವರು ಅದು ಸುಮ್ಮನಾಗುವವರೆಗೂ ಕಾದರು.

‘ಆ ಅಜ್ಜಿ ಹೋಟ್ಲಲ್ಲಿ ಕೂತು ಒಂದು ಟೀ ಕುಡೀಬೇಕು ಅಂತ ಎಷ್ಟು ದಿನದಿಂದ ಆಸೆ ಇಟ್ಕೊಂಡಿದ್ದೆ. ನಮ್ಮಪ್ಪನ ಪಾಲಿಂದು.’

‘ತೋಪಿನಾಚೆ ಯಾಕೆ ಮನೆ ಮಾಡಿದ್ರಿ ಮೇಡಂ?’ ಅಂತ ಕೇಳಿದೆ.

‘ಅಲ್ಲಿಂದ ಕೆರೆ ಕಾಣ್ತದೆ ಅಂತ.’

ಅಷ್ಟೇ. ಕೆರೆ ಕಾಣುತ್ತದೆ ಅಂತ.

‘ಆಟ ಬಿಡ್ತೀನಿ ಅಂತ ಹೇಳಕ್ಕೇ ಬಂದೆ,’ ಅಂದರು. ‘ಬರೆದಿದ್ದಕ್ಕಲ್ಲ. ಬರೆದಿದ್ದು ನಿಜಾನೇ. ಅಳಿಸಿದ್ರಲ್ಲ, ಅದಕ್ಕೆ. ಲೋಟನೇ ಇಲ್ಲ ಅಂದ್ಮೇಲೆ ನಾನು ಯಾರಿಗೆ ಏನಂತ ಉತ್ತರ ಕೊಡ್ಲಿ?’

ಬಿಡಬೇಡಿ ಅಂತ ಅಂಗಲಾಚಬೇಕು ಅನ್ನಿಸಿತು. ಅದು ನನಗೆ ಬರುವುದಿಲ್ಲ. ಅದರ ಬದಲು ಪಾವಗಡದ ಅಣ್ಣ ಫೋನಿನಲ್ಲಿ ಹೇಳಿದ್ದನ್ನು ಹಾಗೇ ಹೇಳಿದೆ. ಆ ಅಜ್ಜಿ ಅವರ ಅಮ್ಮನಂತೆ, ಊಟ ಇಕ್ಕಿದವಳೂ ಅವಳೇ, ಲೋಟ ಸಿಕ್ಕಿಸಿದವಳೂ ಅವಳೇ ಅಂತೆ. ಮೇಡಂ ಕಾಫಿ ಮುಗಿಸಿ ಲೋಟವನ್ನು ಕೈಯಲ್ಲೇ ಮುದುರಿದರು.

‘ಆ ಸಾಲು ವಾಪಸ್ ಹಾಕಕ್ಕೆ ಹೇಳಿ,’ ಅಂತ ಹೇಳಿ ಕೊರಟಗೆರೆ ಬಸ್ಸಿಗೆ ಹೊರಟರು. ಆಟದಲ್ಲಿ ಇರುತ್ತೇನೆ ಅಂತಲೂ ಹೇಳಲಿಲ್ಲ, ಹೋಗುತ್ತೇನೆ ಅಂತಲೂ ಹೇಳಲಿಲ್ಲ.

ಅಣ್ಣ ಒಂದಕ್ಷರ ಬದಲಿಸದೆ ವಾಪಸ್ ಹಾಕಿದರು. ಸೂರು, ಲೋಟ, ಊದಿದ ಧೂಳು, ಎಲ್ಲವೂ ಮತ್ತೆ ಬಂದವು. ಮಾರನೆಯ ಮಧ್ಯಾಹ್ನ ತೋವಿನಕೆರೆಯಿಂದ ಹೂಂ ಬಂತು, ಅದರ ಬೆನ್ನಿಗೇ ಬರವಣಿಗೆ ಬಂತು.

‘ಅಂಚೆಯವಳು ಆ ಲೋಟ ಮುಟ್ಟಲಿಲ್ಲ. ಹೋಗಿ ಬೆಂಚಿನ ಮೇಲೆ ಕೂತಳು. ಅಜ್ಜಿ, ಒಳಗಿನ ಲೋಟದಲ್ಲಿ ಕೊಡು, ಅಂದಳು.’

ನಾವು ಹೂಂ ಅಂದೆವು. ಇನ್ನು ಅಜ್ಜಿಯ ಸರದಿ. ಪಾವಗಡದವರು ಬರೆಯುತ್ತಿದ್ದಾರೆ ಅಂತ ಪರದೆಯ ಮೇಲೆ ಕಾಣಿಸುವುದು, ನಿಲ್ಲುವುದು, ಮತ್ತೆ ಕಾಣಿಸುವುದು. ಗಿರಾಕಿಗಳಿಗೆ ಹಿಂದಿನದು ಮುಂದು ಮುಂದಿನದು ಹಿಂದು ಮಾಡಿ ಜೆರಾಕ್ಸ್ ಕೊಟ್ಟು ಬೈಸಿಕೊಂಡೆ. ಕೊನೆಗೆ ಬಂದದ್ದು ಜಗಲಿಯ ಮಾತು.

‘ಜಗಲಿ: ಮೇಡಂ, ನಮ್ಮಮ್ಮ ಕೊಡ್ತಿರ್ಲಿಲ್ಲ ಮೇಡಂ. ಸುಳ್ಳು ಬರೀಲಾ?’

‘ಜಗಲಿ: ನಿಮ್ಮಮ್ಮಂದು ಬಿಡಿ. ಆ ಅಜ್ಜಿ ಕೊಡ್ತಾಳಾ ಕೇಳಿ ನೋಡಿ.’

ಬಿಸಿಲು ಅಂಗಡಿಯ ಮೆಟ್ಟಿಲಿಳಿದು ರಸ್ತೆಗೆ ಹೋಯಿತು. ಆಮೇಲೆ ಅಜ್ಜಿ ಬಂದಳು.

‘ಅಜ್ಜಿ ಕಟ್ಟೆ ಮೇಲಿನ ಲೋಟ ನೋಡಿದಳು. ಬೆಂಚಿನ ಮೇಲೆ ಕೂತವಳ ಮುಖ ನೋಡಿದಳು. ಉರಿಯುತ್ತಿದ್ದ ಒಲೆಗೆ ಇನ್ನೊಂದು ಸೌದೆ ತಳ್ಳಿದಳು. ಆಮೇಲೆ ಒಳಕ್ಕೆ ಹೋಗಿ, ಕೈಗೆ ಸಿಕ್ಕಿದ್ದು ಗೌಡರ ಲೋಟ, ಅದನ್ನೇ ತಂದು ಟೀ ಬಸಿದು ಬೆಂಚಿನ ಮೇಲಿಟ್ಟಳು. ಬಿಸಿ ಐತೆ, ಊದ್ಕಂಡು ಕುಡಿ, ಮೇಲೆಲ್ಲಾ ಚೆಲ್ಕಂಬೇಡ, ಅಂತ ಬೈದಳು.’

ನನಗೆ ಅಳು ಬಂತು. ಅಂಗಡಿಯಲ್ಲಿ ಕೂತು ಅತ್ತೆ, ನಾಚಿಕೆಯೇನಿಲ್ಲ. ಕಣ್ಣೊರೆಸಿಕೊಂಡ ಮೇಲೆ ಹೊಳೆಯಿತು, ಅದು ನನ್ನ ಲೋಟ. ಈಗ ಬರೆಯಬೇಕಾದವಳು ನಾನು.

ನನ್ನ ಗೌಡನನ್ನು ನಾನು ಬಲ್ಲೆ. ಅವನು ಸುಮ್ಮನಿರುವ ಗಿರಾಕಿಯಲ್ಲ. ಬಂದು, ತನ್ನ ಲೋಟ ಯಾರ ಕೈಯಲ್ಲಿದೆ ಅಂತ ನೋಡಿ, ಊರು ಒಂದು ಮಾಡುತ್ತಾನೆ. ಹೋಟೆಲು ಮುಚ್ಚಿಸುತ್ತೇನೆ ಅನ್ನುತ್ತಾನೆ. ನಿಜಕ್ಕೆ ನಿಷ್ಠಳಾಗಿ ಅದನ್ನೇ ಬರೆದೆ, ಚೆನ್ನಾಗಿಯೂ ಬಂತು. ಕುದುರೆಗೆ ನೀರು ಕೇಳಿದವಳು ಬರೆಯಬೇಕಾದ ಹಾಗೇ ಇತ್ತು. ಓದಿ ನೋಡಿದೆ. ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಪೇಪರ್ ಲೋಟ ಮುದುರಿದ ಆ ಕೈ ನೆನಪಾಯಿತು. ಕಳಿಸುವ ಮುಂಚೆಯೇ ಪೂರ್ತಿ ಅಳಿಸಿದೆ.

‘ಗೌಡ ಬಂದ. ತನ್ನ ಲೋಟ ಅಂಚೆಯವಳ ಕೈಲಿರೋದು ನೋಡಿದ. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು, ಅವಳು ಕುಡಿದು ಮುಗಿಸಲಿ ಅಂತ ಕಾದ.’

ಇಂಥದ್ದು ಒಂದೇ ದಿನದಲ್ಲಿ ಆಗುವುದುಂಟೇ ಅಂತ ಯಾರಾದರೂ ಕೇಳಿದ್ದರೆ ನನ್ನ ಹತ್ತಿರ ಜವಾಬಿರಲಿಲ್ಲ. ಯಾರೂ ಕೇಳಲಿಲ್ಲ. ಶಿರಾದಿಂದ ಹೂಂ ಬಂತು. ಪಾವಗಡದಿಂದ ಹೂಂ ಬಂತು. ಸ್ವಲ್ಪ ಹೊತ್ತಿನ ಮೇಲೆ ತೋವಿನಕೆರೆಯಿಂದಲೂ ಬಂತು, ಅದರ ಕೆಳಗೆ ಹೀಗಿತ್ತು:

‘ಅಂಚೆಯವಳು ಅವಸರ ಮಾಡಲಿಲ್ಲ. ಕುಡಿದು ಮುಗಿಸಿ, ಲೋಟವನ್ನು ಮುಂದಕ್ಕೆ ಚಾಚಿ, ಅಜ್ಜಿ, ಇನ್ನೊಂದು, ಅಂದಳು.’

ಗೌಡ ಇನ್ನೂ ಸ್ವಲ್ಪ ಹೊತ್ತು ಕಾಯಬೇಕಾಯಿತು. ನಾನು ಹೂಂ ಅಂದೆ.